ದಿವಾ ದಾಟಿದರೆ ಎದ್ದು ನಿಲ್ಲುವವಳು

ಆ ಶುಕ್ರವಾರ ಬೆಳಿಗ್ಗೆ ಎದ್ದು ನಾನು ಮಾಡಿದ ಮೊದಲ ಕೆಲಸ, ಎಂದಿನಂತೆ, ಬಾಲ್ಕನಿಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಗಾಳಿ ಮೂಸಿದ್ದು. ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ. ಬೇರೆ ಕಡೆಯ ಹೆಂಗಸರು ಬಟ್ಟೆ ಒಣಹಾಕುವ ಮೊದಲು ಆಕಾಶ ನೋಡುತ್ತಾರೆ, ನಾವು ಮೂಸುತ್ತೇವೆ. ಗಾಳಿ ಕೆಮಿಕಲ್ ಕಂಪನಿಗಳ ಕಡೆಯಿಂದ ಬಂದರೆ ಹುಳಿಹುಳಿ ವಾಸನೆ. ಆ ದಿನ ಬಿಳಿ ಬಟ್ಟೆ ಹೊರಗೆ ಹಾಕುವಂತಿಲ್ಲ. ಹಾಕಿದರೆ ಮರುದಿನಕ್ಕೆ ಅದರ ಮೇಲೆ ಸಾಸಿವೆಯಷ್ಟು ದೊಡ್ಡ ಕಂದು ಚುಕ್ಕೆಗಳು ಮೂಡಿರುತ್ತವೆ, ಯಾವ ಸೋಪಿಗೂ ಹೋಗುವುದಿಲ್ಲ. ಇದನ್ನು ನನಗೆ ಕಲಿಸಿದವರು ಪಕ್ಕದ ಫ್ಲ್ಯಾಟಿನ ಶಾಂತಕ್ಕ, ವಿಜಯಪುರದವರು. ಕಲಿಸುವಷ್ಟರಲ್ಲಿ ನಮ್ಮ ಯಜಮಾನರ ಮೂರು ಪಂಚೆ ನೆಲ ಒರೆಸುವ ಬಟ್ಟೆಯಾಗಿದ್ದವು.

ಆ ಬೆಳಿಗ್ಗೆ ವಾಸನೆ ಇರಲಿಲ್ಲ. ಯಜಮಾನರು ಐದು ಗಂಟೆಗೇ ಠಾಣೆ ಶಹರದ ಒಂದು ಸರ್ಕಲಿನಲ್ಲಿರುವ ತಮ್ಮ ಸಣ್ಣ ಹೋಟೆಲಿಗೆ ಹೋಗಿದ್ದರು. ಕುಕ್ಕರಿನಲ್ಲಿ ಕುಚ್ಚಲಕ್ಕಿ ಗಂಜಿ ಆಗಿತ್ತು. ನಾನು ಮತ್ತೆ ಹಾಸಿಗೆಯ ಮೇಲೆ ಚಿತ್ತಾಗಿ ಮಲಗಿ ಮಗಳಿಗೆ ಕಾದೆ. ಬೆನ್ನಿನ ಬೆಲ್ಟನ್ನು ಮಲಗಿಕೊಂಡೇ ಹಾಕಿಸಿಕೊಳ್ಳಬೇಕು. ಎಂಟು ತಿಂಗಳಿಂದ ನನ್ನ ಬೆನ್ನೆಲುಬಿನಲ್ಲಿ ನಾಲ್ಕು ಸ್ಕ್ರೂ, ಎರಡು ಸರಳು ಇವೆ. ಈಗ ಮನೆಯೊಳಗೆ ಬೆಲ್ಟ್ ಬೇಡ, ಹೊರಗೆ ಹೊರಟಾಗ ಮಾತ್ರ. ಆ ದಿನ ಠಾಣೆಯ ಆಸ್ಪತ್ರೆಗೆ ಹೋಗಲಿಕ್ಕಿತ್ತು.

ಮಗಳು ಮಾನಸಿ ಬಂದು ಮೂರು ಪಟ್ಟಿಗಳನ್ನು ಒಂದೊಂದಾಗಿ ಎಳೆದು ಅಂಟಿಸಿದಳು. ಟೈಟ್ ಉಂಟಾ ಎಂದು ಕೇಳಿದಳು. ಉಂಟು ಎಂದೆ. ಆದರೂ ಅವಳು ಪ್ರತಿ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. ಈ ಎಂಟು ತಿಂಗಳಲ್ಲಿ ಅವಳು ನನ್ನ ಮಾತನ್ನು ಒಮ್ಮೆಯೂ ಹಾಗೇ ನಂಬಿದವಳಲ್ಲ, ಬೆರಳಿಟ್ಟು ನೋಡಿಯೇ ಬಿಡುತ್ತಿದ್ದಳು. ಆಮೇಲೆ ಬಗ್ಗಿ ನನ್ನ ಎಡಗಾಲಿಗೆ ಚಪ್ಪಲಿ ಸಿಕ್ಕಿಸಿದಳು. ಆ ಪಾದದ ಬೆರಳುಗಳಿಗೆ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ. ಚಪ್ಪಲಿ ಕಾಲಲ್ಲಿ ಉಂಟೋ ದಾರಿಯಲ್ಲಿ ಬಿಟ್ಟು ಬಂದೆನೋ ಎಂದು ಕಣ್ಣಿನಿಂದಲೇ ತಿಳಿಯಬೇಕು.

ಅಷ್ಟರಲ್ಲಿ ಅವಳ ಫೋನು ಮಿಣುಕಿತು. ಅವಳು ಓದಿ, ಮಗುಚಿ ಇಟ್ಟಳು. ಏನೆಂದು ನನಗೆ ಗೊತ್ತಿತ್ತು. ಅವಳು ಕಲಿತ ಫ್ಲೈಯಿಂಗ್ ಕ್ಲಬ್ಬಿನವರು ವಾರದಿಂದ ಅದನ್ನೇ ಕೇಳುತ್ತಿದ್ದರು: ಮರುತರಬೇತಿಗೆ ಬರುತ್ತೀಯೋ ಇಲ್ಲವೋ, ಶನಿವಾರದೊಳಗೆ ತಿಳಿಸು. ಅವಳು ಹೋಗುವುದಿಲ್ಲವೆಂದು ನಮಗೆ ಎಂದೋ ಹೇಳಿಯಾಗಿತ್ತು. ಅಪ್ಪನ ಹೋಟೆಲಿನ ಕೌಂಟರಿನಲ್ಲಿ ಕೂರುತ್ತೇನೆ ಎಂದಿದ್ದಳು. ಶನಿವಾರ ಎಂದರೆ ಮರುದಿನ.

ಇದನ್ನು ಬರೆಯಲು ನಾನು ಬಹಳ ತಡಮಾಡಿದೆ. ಬೆನ್ನು ಮುರಿದು ಚಾವಣಿಯ ಫ್ಯಾನನ್ನೇ ನೋಡುತ್ತ ಮಲಗಿರುವವರು ಎಲ್ಲೋ ಇರುತ್ತಾರೆ. ಅವರಿಗೆ ಹೇಳಬೇಕಾದದ್ದು ಮೂಳೆಯ ವಿಷಯ ಮಾತ್ರ ಆಗಿದ್ದರೆ ಎಂದೋ ಬರೆದುಬಿಡುತ್ತಿದ್ದೆ.

ಮಾನಸಿ ಡೊಂಬಿವಲಿಯಲ್ಲೇ ಹುಟ್ಟಿದವಳು. ನಾವು ಮನೆಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಪೈಲಟ್ ಲೈಸೆನ್ಸ್ ಸಿಕ್ಕಿದ ಮೇಲೆ ಅವಳು ಗಂಟೆಗಳ ಲೆಕ್ಕ ತುಂಬಿಸಲು ಅದೇ ಕ್ಲಬ್ಬಿನಲ್ಲಿ ಹಾರುತ್ತಿದ್ದಳು. ಮೊದಲ ಪ್ರಯಾಣಿಕಳು ಮಮ್ಮಿಯೇ ಆಗಬೇಕೆಂದು ಹಟ ಹಿಡಿದಳು. ಕ್ಲಬ್ ಇರುವ ಊರು ಇಲ್ಲಿಂದ ಐದಾರು ಗಂಟೆಯ ದಾರಿ. ಹಿಂದಿನ ದಿನವೇ ಹೋಗಿ ಅವಳ ಹಾಸ್ಟೆಲಿನಲ್ಲಿ ಉಳಿದೆ.

ನಾಲ್ಕು ಸೀಟಿನ, ಮುಂದೆ ಒಂದೇ ಫ್ಯಾನಿರುವ ವಿಮಾನ. ಬಾಗಿಲು ಹಳೆಯ ಕಾರಿನ ಬಾಗಿಲಿನಂತೆ ಎರಡು ಸಲ ಎಳೆದ ಮೇಲೆ ಮುಚ್ಚಿತು. ಸೀಟಿನ ಹರಿದ ಅಂಚಿಗೆ ಕಪ್ಪು ಟೇಪು ಹಚ್ಚಿದ್ದರು. ಮಗಳು ಬಿಳಿ ಅಂಗಿ ಹಾಕಿದ್ದಳು, ಹೆಗಲ ಮೇಲೆ ಪಟ್ಟಿ ಸಿಕ್ಕಿಸುವಂಥದ್ದು. ನನ್ನನ್ನು ಮುಂದಿನ ಬಲಸೀಟಿನಲ್ಲಿ ಕೂರಿಸಿ ಬೆಲ್ಟನ್ನು ತಾನೇ ಹಾಕಿದಳು. ಮೇಲೆ ಹೋದ ಮೇಲೆ ಅವಳು ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದ ಧ್ವನಿ ನನಗೆ ಪರಿಚಯವೇ ಇರಲಿಲ್ಲ. ನಾನು ಹೆತ್ತ ಹುಡುಗಿಯ ಗಂಟಲಲ್ಲಿ ಯಾರೋ ದೊಡ್ಡ ಹೆಂಗಸು ಕೂತು ಮಾತಾಡಿದಂತಿತ್ತು. ಕೆಳಗೆ ಕಬ್ಬಿನ ಗದ್ದೆ, ಬತ್ತಿದ ಹೊಳೆ, ಒಂದು ಬಾವಿಯೊಳಗೆ ಸೂರ್ಯ ಮಿಂಚಿ ಮಾಯವಾದ. ನನಗೆ ಹೆದರಿಕೆ ಆಗಲಿಲ್ಲ. ಇಪ್ಪತ್ತು ನಿಮಿಷ ನಾನು ಪರ್ಸನ್ನು ತೊಡೆಯ ಮೇಲೆ ಇಟ್ಟುಕೊಂಡು ಫಸ್ಟ್ ಕ್ಲಾಸಿನಲ್ಲಿ ಕೂತವಳ ಹಾಗೆ ಕೂತಿದ್ದೆ.

ಇಳಿಯುವ ಮೊದಲು ಅವಳು ರನ್‌ವೇಯಿಂದ ಕಣ್ಣು ತೆಗೆಯದೆ ಕೇಳಿದಳು, “ಮಮ್ಮಿ, ಬೆಲ್ಟ್?”

“ಉಂಟು,” ಎಂದೆ. ಆಗ ನಿಜವಾಗಿ ಇತ್ತು.

ಆಮೇಲೆ ಕ್ಲಬ್ಬಿನ ತಗಡಿನ ಶೆಡ್ಡು ಕಂಡಿತು. ಶೆಡ್ಡಿನ ಪಕ್ಕ ಸಾಲಾಗಿ ತೂಗುಹಾಕಿದ ಕೆಂಪು ಬಕೆಟುಗಳು, ಸೈಕಲ್ ಒರೆಸುತ್ತಿದ್ದ ಒಬ್ಬ ಮನುಷ್ಯ. ಬಂದೆವಲ್ಲ ಎಂದುಕೊಂಡೆ. ಇಪ್ಪತ್ತೇಳು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದ ಡೊಂಬಿವಲಿಯ ಹೆಂಗಸು ನಾನು. ಠಾಣೆ ಕಡೆಯಿಂದ ಬರುವಾಗ ದಿವಾ ಸ್ಟೇಷನ್ ದಾಟಿದರೆ ಎದ್ದು ನಿಲ್ಲಬೇಕು, ಕೋಪರ್ ಬರುವಾಗ ಬಾಗಿಲ ಹತ್ತಿರ ಇರಬೇಕು. ಡೊಂಬಿವಲಿ ಬಂದ ಮೇಲೆ ಏಳುತ್ತೇನೆಂದು ಕೂತವರು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ದೇಹವೇ ಮಾಡುತ್ತದೆ. ನನ್ನ ಎಡಗೈ ಪರ್ಸಿನ ಹಿಡಿಯನ್ನು ಹೆಗಲಿಗೆ ಹಾಕಿತು. ಬಲಗೈ ಬೆಲ್ಟಿನ ಕೊಕ್ಕೆ ತೆಗೆಯಿತು. ಕುಂಡೆಯನ್ನು ಸೀಟಿನಿಂದ ಚೂರು ಎತ್ತಿ ಸೀರೆಯ ನೆರಿಗೆಯನ್ನೂ ಸರಿಮಾಡಿಕೊಂಡೆ.

ನೆಲ ಸಿಕ್ಕಿತು, ಮತ್ತೆ ಕೈಬಿಟ್ಟಿತು. ಅವಳು ವೇಗವಾಗಿ, ಎತ್ತರದಿಂದ ಬಂದಿದ್ದಳಂತೆ. ಚಕ್ರ ಬಡಿದು ವಿಮಾನ ಎಗರಿದಾಗ ಇಂಜಿನಿಗೆ ಪೂರ್ತಿ ಶಕ್ತಿ ಕೊಟ್ಟು ಮೇಲಕ್ಕೇ ಹೋಗಿ ಇನ್ನೊಮ್ಮೆ ಸುತ್ತಿ ಬರಬೇಕಿತ್ತು. ಅವಳು ವಿಮಾನದ ಮೂತಿಯನ್ನು ಕೆಳಗೆ ಒತ್ತಿದಳು. ಮುಂದಿನ ಚಕ್ರ ಮುರಿಯಿತು. ಇದೆಲ್ಲ ಆಮೇಲೆ ರಿಪೋರ್ಟಿನಿಂದ ತಿಳಿದದ್ದು. ಆಗ ನನಗೆ ಗೊತ್ತಾದದ್ದು ಇಷ್ಟೇ: ತಲೆ ಚಾವಣಿಗೆ ಬಡಿಯಿತು, ಅಷ್ಟೇ ಜೋರಾಗಿ ಕೆಳಗೆ ಕುಕ್ಕರಿಸಿದೆ, ಬೆನ್ನಿನ ನಡುವೆ ಒಣಕಡ್ಡಿ ಮುರಿದಂಥ ಒಂದು ಸದ್ದು ಒಳಗಿನಿಂದ ಕೇಳಿಸಿತು. ವಿಮಾನ ಹುಲ್ಲಿನಲ್ಲಿ ಮೂಗೂರಿ ನಿಂತಿತು. ಮಗಳು ಒಂದೊಂದೇ ಸ್ವಿಚ್ಚನ್ನು ಆರಿಸಿ, ಆಮೇಲೆ ನನ್ನ ಕಡೆ ತಿರುಗಿದಳು. ಬೆಂಕಿ ಹತ್ತದಂತೆ ಕಲಿಸಿದ ಕ್ರಮ ಅದು. ಮೊದಲು ಬೆಂಕಿ, ಆಮೇಲೆ ಅಮ್ಮ.

ಅವಳಿಗೆ ಹೆಗಲಿನಿಂದ ಎದೆಯವರೆಗೆ ಬೆಲ್ಟಿನ ನೀಲಿ ಗುರುತು ಬಿಟ್ಟರೆ ಏನೂ ಆಗಿರಲಿಲ್ಲ. ನನ್ನ ಬೆಲ್ಟ್ ತೆರೆದೇ ಬಿದ್ದಿತ್ತು. ನನ್ನನ್ನು ಎತ್ತುವಾಗ ಯಾರೋ ಬಿಚ್ಚಿರಬೇಕೆಂದು ಎಲ್ಲರೂ ಎಣಿಸಿದರು.

ಆ ಊರಿನಿಂದ ಠಾಣೆಗೆ ಆಂಬ್ಯುಲೆನ್ಸಿನಲ್ಲಿ ಬಂದ ದಾರಿಯ ಪ್ರತಿಯೊಂದು ಹೊಂಡ ನನಗೆ ನೆನಪಿದೆ. ಆಸ್ಪತ್ರೆಯ ಬಾಗಿಲಲ್ಲಿ ಯಜಮಾನರು ನಿಂತಿದ್ದರು, ಹೆಗಲ ಮೇಲೆ ಹೋಟೆಲಿನ ಟವೆಲ್ ಹಾಗೇ ಇತ್ತು. ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಅವರಿಗೆ ತೋರಿಸಿದ್ದು ಮಲಗಿದ್ದಲ್ಲಿಂದಲೇ ನನಗೂ ಕಂಡಿತು. ಸಾಲಾಗಿ ಜೋಡಿಸಿದ ಬಿಸ್ಕಿಟಿನ ಹಾಗೆ ಬೆನ್ನೆಲುಬು, ನಡುವಿನ ಒಂದು ಬಿಸ್ಕಿಟ್ ಪುಡಿ. ಅದರ ಒಂದು ಚೂರು ನರದ ಕಡೆ ಸರಿದಿತ್ತು. ಆಪರೇಷನ್ ಮಾಡದಿದ್ದರೆ ಎಡಗಾಲು ಹೋಗಬಹುದು, ಮಾಡಿದರೂ ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರು. ಯಜಮಾನರು ತಲೆಯಾಡಿಸಿ, ಡಾಕ್ಟರಿಗೆ ಚಾ ಆಯಿತೋ ಎಂದು ಕೇಳಿದರು. ಮೂವತ್ತು ವರ್ಷ ಹೋಟೆಲ್ ನಡೆಸಿದವರ ಬಾಯಿಗೆ ಹೆದರಿಕೆಯಲ್ಲಿ ಬರುವ ಮಾತು ಅದು.

ಆಪರೇಷನ್ನಿನ ಮೇಲಿನ ಹದಿನಾಲ್ಕು ದಿನಗಳ ಬಗ್ಗೆ ಒಂದೇ ಮಾತು ಹೇಳುತ್ತೇನೆ: ಮಾನ ಎನ್ನುವುದನ್ನು ಮನುಷ್ಯ ಬಹಳ ಬೇಗ ಬಿಡುತ್ತಾನೆ, ಬಿಟ್ಟರೆ ಸಾಯುವುದಿಲ್ಲ. ನಾಲ್ಕು ಜನ ಸೇರಿ ಸುತ್ತಿಟ್ಟ ಚಾಪೆಯಂತೆ ನನ್ನನ್ನು ಮಗ್ಗುಲು ಮಾಡುತ್ತಿದ್ದರು. ವಾರ್ಡಿನ ಆಯಾ, ಎಲ್ಲರೂ ಮಾವಶಿ ಎನ್ನುತ್ತಿದ್ದ ದಪ್ಪಗಿನ ಹೆಂಗಸು, ಮೂರನೇ ದಿನ ಕೇಳದೆಯೇ ನನ್ನ ಕೂದಲಿಗೆ ಎಣ್ಣೆ ಹಚ್ಚಿ ಎರಡು ಕಿವಿಗಳ ಪಕ್ಕ ಎರಡು ಜಡೆ ಹೆಣೆದಳು. ತಲೆಯಡಿ ಗಂಟು ಬಂದರೆ ಮಲಗಿದವರಿಗೆ ಚುಚ್ಚುತ್ತದೆಯಂತೆ. ಐವತ್ತೆರಡರ ಹೆಂಗಸು, ಬ್ಯಾಂಡೇಜ್ ಪಟ್ಟಿಯ ರಿಬ್ಬನ್ ಕಟ್ಟಿಸಿಕೊಂಡು ಕಾನ್ವೆಂಟಿಗೆ ಹೊರಟವಳ ಹಾಗೆ ಮಲಗಿದ್ದೆ. ಆ ದಿನ ಮೊದಲ ಸಲ ಅತ್ತೆ.

ಊರಿನ ಕಾನ್ವೆಂಟಿನಲ್ಲಿ ನಮಗೆ ದಿನದ ಕೊನೆಯ ಬೆಲ್ಲಿಗೆ ಮೊದಲು ಒಂದು ನಿಮಿಷ ಕಣ್ಣುಮುಚ್ಚಿಸುತ್ತಿದ್ದರು. ಇವತ್ತು ಮಾಡಿದ ತಪ್ಪು ಯಾವುದು, ಹೇಳಬೇಕಾದದ್ದನ್ನು ಹೇಳದೆ ಬಿಟ್ಟದ್ದು ಯಾವುದು ಎಂದು ನೆನಪಿಸಿಕೊಳ್ಳಬೇಕು. ಕ್ರಿಶ್ಚಿಯನ್ ಮಕ್ಕಳು, ಹಿಂದೂ ಮಕ್ಕಳು ಎಲ್ಲರೂ. ನಾವು ಆ ನಿಮಿಷದಲ್ಲಿ ಮನೆಯ ತಿಂಡಿ ಯೋಚಿಸುತ್ತಿದ್ದೆವು. ಆಸ್ಪತ್ರೆಯಲ್ಲಿ ಆ ಒಂದು ನಿಮಿಷ ದಿನವಿಡೀ ನಡೆಯುತ್ತಿತ್ತು.

ಐದನೇ ದಿನ ಸರ್ಕಾರದ ಕಡೆಯಿಂದ ತನಿಖೆಗೆ ಇಬ್ಬರು ಫೈಲು ಹಿಡಿದುಕೊಂಡು ಬಂದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಇಳಿಯುವಾಗ ಬೆಲ್ಟ್ ಹಾಕಿದ್ದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಯೆಸ್, ಸರ್,” ಎಂದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಅದೇ ಸ್ಪಷ್ಟ ಉಚ್ಚಾರದಲ್ಲಿ.

ಆಗ ನಾಚಿಕೆಯಿಂದ ಹೇಳಿದೆ. ಪೈಲಟಿನ ತಾಯಿಗೆ ಬೆಲ್ಟ್ ಹಾಕಿಕೊಂಡು ಕೂರಲು ಗೊತ್ತಿಲ್ಲವೇ ಎಂದಾರು ಎನ್ನುವುದಷ್ಟೇ. ಅವರು ಹೋಗುವಾಗ ಬಾಗಿಲಲ್ಲಿ ತಮ್ಮತಮ್ಮಲ್ಲಿ ಮಾತಾಡಿದ್ದು ಕಿವಿಗೆ ಬಿತ್ತು. ಪ್ರಯಾಣಿಕರ ಬೆಲ್ಟಿನ ಜವಾಬ್ದಾರಿಯೂ ಪೈಲಟಿನದೇ ಅಂತೆ. ಸರಿ, ಹೇಳದೆ ಇದ್ದದ್ದು ಒಳ್ಳೆಯದೇ ಆಯಿತು, ಮಗಳ ತಲೆಗೆ ಇನ್ನೊಂದು ತಪ್ಪು ಬರುತ್ತಿತ್ತು ಎಂದುಕೊಂಡೆ. ಸುಳ್ಳಿಗೆ ಒಂದು ಒಳ್ಳೆಯ ಕಾರಣ ಸಿಕ್ಕಿತು.

ಮನೆಗೆ ಬಂದ ಮೇಲೆ ವಿಠ್ಠಲವಾಡಿಯಿಂದ ಅತ್ತಿಗೆ ನೋಡಲು ಬಂದರು, ಯಜಮಾನರ ಅಕ್ಕ. ಒಳ್ಳೆಯವರೇ, ಹದಿನೈದು ದಿನ ನನಗೆ ಅಡುಗೆ ಮಾಡಿ ಹಾಕಿದವರು. ಆದರೆ ನಾಲಿಗೆಗೆ ಬ್ರೇಕಿಲ್ಲ. ಮಾನಸಿ ನನ್ನ ಕಾಲು ಒರೆಸುತ್ತಿದ್ದಾಗ ಅವರು ಬೀನ್ಸ್ ಮುರಿಯುತ್ತ ಹೇಳಿದರು, “ಎಂತ ಮಾಡುದು ಹೇಳು. ಸ್ಕೂಟಿಯಿಂದ ಬೀಳಿಸುವ ಮಕ್ಕಳನ್ನು ಕಂಡಿದ್ದೇನೆ. ಇವಳು ಹೆತ್ತವಳನ್ನು ಆಕಾಶದಿಂದ ಬೀಳಿಸಿದಳು.”

ಮಾನಸಿ ಒರೆಸುವುದನ್ನು ನಿಲ್ಲಿಸಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಈ ಕಥೆಯಲ್ಲಿ ನನಗೆ ಇವತ್ತಿಗೂ ನೋಯುವುದು ಬೆನ್ನಲ್ಲ, ಆ ಗಳಿಗೆ.

ರಿಪೋರ್ಟು ಬಂತು. ಪೈಲಟಿನ ತಪ್ಪು ಎಂದಿತ್ತು. ಕೆಲವು ತಿಂಗಳು ಲೈಸೆನ್ಸ್ ಅಮಾನತು, ಆಮೇಲೆ ಮರುತರಬೇತಿ. ಬೆಲ್ಟಿನ ಮಾತು ಅದರಲ್ಲಿ ಇರಲಿಲ್ಲ. ಈಗಲಾದರೂ ಹೇಳಬಹುದಿತ್ತು. ಯಜಮಾನರು ಹೋಟೆಲಿನ ಕೌಂಟರಿನ ಗಾಜಿನಡಿ ಇಟ್ಟಿದ್ದ ಅವಳ ಫೋಟೋ, ವಿಮಾನದ ರೆಕ್ಕೆಗೆ ಕೈಯಿಟ್ಟು ನಿಂತದ್ದು, ಅದನ್ನು ತೆಗೆದು ಡ್ರಾಯರಿಗೆ ಹಾಕಿದರು. ಬಿಳಿ ಅಂಗಿ ಹುಲ್ಲಿನ ಕಲೆ ಸಮೇತ ಸೂಟ್‌ಕೇಸಿನಲ್ಲಿತ್ತು. ಮಗಳು ಬೆಳಿಗ್ಗೆ ಗಂಜಿ ಬಡಿಸುತ್ತಿದ್ದಳು, ಮಧ್ಯಾಹ್ನ ವ್ಯಾಯಾಮ ಮಾಡಿಸುತ್ತಿದ್ದಳು, ಸಂಜೆ ನನ್ನನ್ನು ಹಿಡಿದುಕೊಂಡು ಕಂಪೌಂಡಿನಲ್ಲಿ ಎರಡು ಸುತ್ತು ನಡೆಸುತ್ತಿದ್ದಳು. ಹಾಗೆ ನಡೆಯುವಾಗ ಮೇಲೆ ವಿಮಾನದ ಸದ್ದು ಕೇಳಿದರೆ ಇಬ್ಬರೂ ತಲೆ ಎತ್ತುತ್ತಿರಲಿಲ್ಲ. ನಾನು ಏಕೆ ಹೇಳಲಿಲ್ಲ ಎನ್ನುವುದಕ್ಕೆ ಅಷ್ಟು ಹೊತ್ತಿಗೆ ಒಳ್ಳೆಯ ಕಾರಣ ಒಂದೂ ಉಳಿದಿರಲಿಲ್ಲ. ಕೆಟ್ಟದ್ದೊಂದು ಇತ್ತು, ಅದನ್ನು ನಾನು ನೋಡದ ಹಾಗೆ ಇದ್ದೆ.

ಆ ಶುಕ್ರವಾರ ನಾವು ಟ್ಯಾಕ್ಸಿಯಲ್ಲಿ ಠಾಣೆಗೆ ಹೋದೆವು. ಆಸ್ಪತ್ರೆಯ ಬೆಂಚುಗಳಲ್ಲಿ ಬೆನ್ನಿನವರದೇ ಒಂದು ಜಾತಿ: ಯಾರೂ ಒರಗುವುದಿಲ್ಲ, ಯಾರೂ ಬಗ್ಗುವುದಿಲ್ಲ, ಕರೆದರೆ ಕುತ್ತಿಗೆಯಲ್ಲ, ಇಡೀ ಮನುಷ್ಯನೇ ತಿರುಗುತ್ತಾನೆ. ನಮ್ಮ ಟೋಕನ್ ಹತ್ತೊಂಬತ್ತು. ಹದಿನಾರು ಒಳಗಿತ್ತು. ಮಾನಸಿ ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತ ಹಿರಿಯ ಹೆಂಗಸು ನನ್ನ ಬೆಲ್ಟ್ ನೋಡಿ, ಹೇಗಾಯಿತು ಎಂದು ಹಿಂದಿಯಲ್ಲಿ ಕೇಳಿದರು. ಆಸ್ಪತ್ರೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಬಾತ್‌ರೂಮಿನಲ್ಲಿ ಜಾರಿದೆ ಎನ್ನಲು ನಾನು ಬಾಯಿ ತೆರೆದೆ.

ಮಾನಸಿ ಮೊದಲೇ ಹೇಳಿದಳು, “ಮೈನೆ ಗಿರಾಯಾ.”

ನಾನು ಬೀಳಿಸಿದೆ. ಅತ್ತಿಗೆಯ ಮಾತನ್ನು ಅವಳು ತನ್ನದಾಗಿ ಮಾಡಿಕೊಂಡಿದ್ದಳು. ಅಳುವಿರಲಿಲ್ಲ, ಸಿಟ್ಟಿರಲಿಲ್ಲ, ಹೆಸರು ಕೇಳಿದರೆ ಹೆಸರು ಹೇಳುವಂತೆ ಹೇಳಿದಳು. ಹೆಂಗಸು ತಮ್ಮ ಟೋಕನ್ ಚೀಟಿಯನ್ನು ನೋಡಿಕೊಂಡರು. ಹದಿನೇಳನ್ನು ಕರೆದರು. ಆಕೆ ಎದ್ದು ಹೋದರು.

ನಾನು ಆ ಖಾಲಿ ಜಾಗ ನೋಡುತ್ತ ಹೇಳಿದೆ, “ಮಾನು, ಆ ದಿನ ಇಳಿಯುವಾಗ ನನ್ನ ಬೆಲ್ಟ್ ಇರಲಿಲ್ಲ.”

ಇತ್ತು, ನಾನು ಕೇಳಿದ್ದೆ ಎಂದಳು ಹಿಂದಿಯಲ್ಲಿ.

“ನೀನು ಕೇಳುವಾಗ ಇತ್ತು. ಆಮೇಲೆ ನಾನು ತೆಗೆದೆ. ಶೆಡ್ ಕಂಡಿತು, ಬಕೆಟ್ ಕಂಡಿತು. ಬಂತು ಅಂತ ಆಯಿತು. ದಿವಾ ದಾಟಿದ ಹಾಗೆ.”

ಅವಳು ಲಕೋಟೆಯ ಅಂಚನ್ನು ಉಗುರಿನಿಂದ ಎಬ್ಬಿಸಿದಳು. ಹದಿನೆಂಟನ್ನು ಕರೆದರು.

“ಆಠ್ ಮಹೀನೆ, ಮಮ್ಮಿ,” ಎಂದಳು. ಎಂಟು ತಿಂಗಳು.

“ಇಳಿಸಿದ್ದು ನಿನ್ನ ತಪ್ಪು. ಅದನ್ನು ನಾನು ಇಲ್ಲ ಅಂತ ಹೇಳುವುದಿಲ್ಲ. ಎದ್ದದ್ದು ನನ್ನ ತಪ್ಪು. ನನ್ನದನ್ನೂ ನೀನು ಹೊತ್ತುಕೊಂಡು ತಿರುಗುವುದು ಬೇಡ.”

“ಯಾಕೆ ಹೇಳಲಿಲ್ಲ?”

ಕನ್ನಡದಲ್ಲಿ ಕೇಳಿದಳು. ಅವಳ ಕನ್ನಡ ಎಳೆಮಗುವಿನ ಕನ್ನಡ, ಅಳತೆಗೆ ಸಾಲದಷ್ಟು ಸಣ್ಣ ಅಂಗಿಯಂಥದ್ದು. ಅದನ್ನು ಅವಳು ಹಾಕಿಕೊಂಡದ್ದು ನೋಡಿ ನನಗೆ ಸುತ್ತಿಬಳಸಿ ಮಾತಾಡಲು ಆಗಲಿಲ್ಲ. ನಾಚಿಕೆಯ ಕಾರಣ ಹೇಳಿದೆ, ಫೈಲಿನವರ ಕಾರಣ ಹೇಳಿದೆ. ಅವಳು ಕಾಯುತ್ತಿದ್ದಳು, ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡುವವಳ ಹಾಗೆ.

“ನೀನು ಮನೆಯಲ್ಲಿ ಇದ್ದಿ,” ಎಂದೆ. “ನನ್ನ ಬೆನ್ನಿನಿಂದಾಗಿ ಆದರೂ ಸರಿ, ಇನ್ನು ಹಾರಲು ಹೋಗುವುದಿಲ್ಲ ಅಂದಿ. ನನಗೆ ಅದು ಬೇಕಿತ್ತು.”

ಹತ್ತೊಂಬತ್ತು ಎಂದು ಕರೆದರು.

ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಎಂದರು. ಎಡಪಾದದ ಬೆರಳುಗಳಿಗೆ ಸೂಜಿ ಮುಟ್ಟಿಸುತ್ತ ಬಂದರು. ಎರಡಕ್ಕೆ ಗೊತ್ತಾಯಿತು, ಮೂರಕ್ಕೆ ಇಲ್ಲ. ಆ ಮೂರು ಹೀಗೇ ಉಳಿಯಬಹುದು, ಅಭ್ಯಾಸ ಮಾಡಿಕೊಳ್ಳಿ ಎಂದರು. ಗರ್ದಿ ಇಲ್ಲದ ಹೊತ್ತಿನಲ್ಲಿ ಟ್ರೇನಿನಲ್ಲಿ ಹೋಗಬಹುದು ಎಂದೂ ಹೇಳಿದರು. ಒಳ್ಳೆಯ ಸುದ್ದಿಯೇ. ನಾವಿಬ್ಬರೂ ಬಯ್ಗುಳ ತಿಂದವರ ಹಾಗೆ ಹೊರಗೆ ಬಂದೆವು.

ಮಾನಸಿ ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ಮಧ್ಯಾಹ್ನ ಮೂರರ ಸ್ಲೋ ಗಾಡಿ, ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂರಿಸಿದಳು. ಕಳವಾ, ಮುಂಬ್ರಾ ಹೋದವು. ಖಾಡಿಯ ಹಿನ್ನೀರು ಬಂದು ಹೋಯಿತು. ಅವಳು ಇನ್ನು ಮೇಲೆ ಮಾತಾಡದೇ ಇರಬಹುದು, ಅಥವಾ ಮಾತಾಡಿ ಹೋಗಿಬಿಡಬಹುದು. ಎರಡರಲ್ಲಿ ಯಾವುದಕ್ಕೆ ನಾನು ಹೆಚ್ಚು ಹೆದರುತ್ತಿದ್ದೆ ಎಂದು ನನಗೇ ತಿಳಿಯಲಿಲ್ಲ.

ದಿವಾ ಬಿಟ್ಟಿತು. ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು, ಬ್ಯಾಗು ಮುಂದಕ್ಕೆ ಎಳೆದುಕೊಂಡರು, ಕೂದಲು ಬಿಗಿ ಮಾಡಿಕೊಂಡರು. ನನ್ನ ಕೈ ಪರ್ಸಿಗೆ ಹೋಯಿತು. ಕುಂಡೆ ಸೀಟು ಬಿಡುವಷ್ಟರಲ್ಲಿ ನನ್ನ ಮೊಣಕಾಲಿನ ಮೇಲೆ ಮಗಳ ಅಂಗೈ ಬಂದು ಕೂತಿತು. ಒತ್ತಲಿಲ್ಲ. ಸುಮ್ಮನೆ ಇಟ್ಟಳು.

“ರುಕ್‌ನೇ ದೋ ಪೆಹ್‌ಲೇ,” ಎಂದಳು. ಮೊದಲು ನಿಲ್ಲಲಿ.

ಕೋಪರ್ ಹೋಯಿತು. ಡೊಂಬಿವಲಿ ಬಂತು, ನಿಂತಿತು. ನಾನು ಮೊಣಕಾಲು ಸರಿಮಾಡಿ, ಕೈ ಊರಿ, ಎದ್ದು, ಎಡಗಾಲಿನ ಚಪ್ಪಲಿ ನೋಡಿಕೊಳ್ಳುವುದಕ್ಕೂ ಹತ್ತುವವರು ಒಳಗೆ ತುಂಬುವುದಕ್ಕೂ ಸರಿಹೋಯಿತು. ಬಾಗಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಗಾಡಿ ಹೊರಟಿತು. ಸೊಪ್ಪಿನ ಚೀಲ ಹಿಡಿದ ಒಬ್ಬಳು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, ಇಳಿಯುವುದಿದ್ದರೆ ಮೊದಲೇ ಏಳಬೇಕಲ್ಲವಾ ಆಂಟಿ, ಹೊಸಬರಾ ಎಂದು ಮರಾಠಿಯಲ್ಲಿ ಕೇಳಿದಳು.

ಮಾನಸಿಗೆ ನಗು ಬಂತು. ಮೂಗಿನಿಂದ ಶುರುವಾದ ನಗು, ಕಂಬ ಹಿಡಿದುಕೊಂಡು ಭುಜ ಅಲ್ಲಾಡುವ ಹಾಗೆ ನಕ್ಕಳು. ಎಂಟು ತಿಂಗಳಲ್ಲಿ ಮೊದಲ ಸಲ. ಆಮೇಲೆ ಅದು ನಗು ಅಲ್ಲವೆಂದು ನನಗೂ ಸೊಪ್ಪಿನವಳಿಗೂ ಒಟ್ಟಿಗೇ ಗೊತ್ತಾಯಿತು. ಆಕೆ ಚೀಲ ಕೆಳಗಿಟ್ಟು, ಮುಂದಿನ ಸ್ಟೇಷನ್ನಿನಲ್ಲಿ ನಮಗೆ ದಾರಿ ಬಿಡುವಂತೆ ಇಡೀ ಡಬ್ಬಿಗೆ ಕೂಗಿ ಹೇಳಿದಳು.

ಠಾಕುರ್ಲಿಯಲ್ಲಿ ಇಳಿದು ಬೆಂಚಿನ ಮೇಲೆ ಕೂತೆವು. ಅವಳು ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಹಳಿಗಳ ಕಡೆ ನೋಡುತ್ತ ಹಿಂದಿಯಲ್ಲಿ ಹೇಳಿದಳು: ನಾನು ಕೇಳಿದೆ, ನೋಡಲಿಲ್ಲ. ನೋಡಬೇಕಿತ್ತು. ಅದನ್ನೂ ತನಿಖೆಯವರಿಗೆ ಬರೆದು ಕೊಡುತ್ತೇನೆ.

ಬರೆದರೆ ಮತ್ತೆ ತೊಂದರೆ ಆಗುವುದಿಲ್ಲವಾ ಎಂದು ಕೇಳಿದೆ. ಆಗಬಹುದು ಎಂದಳು. ನನ್ನ ಸಹಿಯೂ ಬೇಕಾಗಬಹುದು ಎಂದಳು. ಹಾಕುತ್ತೇನೆ ಎಂದೆ. ಮರುತರಬೇತಿಗೆ ಹೋಗುತ್ತೀಯಾ ಎಂದು ಕೇಳಲು ಬಾಯಿವರೆಗೆ ಬಂದದ್ದನ್ನು ನುಂಗಿದೆ. ಇಷ್ಟು ಸುಮ್ಮನಿದ್ದವಳಿಗೆ ಆ ಒಂದು ಪ್ರಶ್ನೆ ಕೇಳುವ ಹಕ್ಕು ಉಳಿದಿರಲಿಲ್ಲ. ಅವಳು ನನ್ನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ರಿಕ್ಷಾದಲ್ಲಿ ಮನೆಯವರೆಗೂ ಪ್ರತಿ ಸ್ಪೀಡ್ ಬ್ರೇಕರ್ ಬಂದಾಗ ಅವಳ ಕೈ ನನ್ನ ಬೆನ್ನ ಹಿಂದೆ ಬರುತ್ತಿತ್ತು, ದಾಟಿದ ಮೇಲೆ ಹೋಗುತ್ತಿತ್ತು.

ಮನೆಗೆ ಬಂದು ಅವಳು ಕೋಣೆಯ ಬಾಗಿಲು ಮುಚ್ಚಿಕೊಂಡಳು. ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಆಮೇಲೆ ಸೂಟ್‌ಕೇಸಿನ ಜಿಪ್ಪು, ಬಾತ್‌ರೂಮಿನಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು, ಬ್ರಷ್ಷಿನಿಂದ ಉಜ್ಜುವ ಸದ್ದು. ಬಹಳ ಹೊತ್ತು ಉಜ್ಜಿದಳು. ಬಟ್ಟೆ ಒಗೆಯುವ ಹುಡುಗಿಯಲ್ಲ ಅವಳು. ನಾನು ಸೋಫಾದಲ್ಲಿ ನೆಟ್ಟಗೆ ಕೂತು, ಎಡಪಾದದ ಐದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎರಡಕ್ಕೆ ಉಂಟು, ಮೂರಕ್ಕೆ ಇಲ್ಲ.

ಏಳು ಗಂಟೆಯ ಹೊತ್ತಿಗೆ ಶಾಂತಕ್ಕ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಬಂದರು. ಡಾಕ್ಟರು ಏನಂದರು, ಮೂರು ಬೆರಳಿಗೆ ಯಾವ ಎಣ್ಣೆ ಹಚ್ಚಬೇಕು, ತಮ್ಮ ಅತ್ತೆಗೂ ಹೀಗೇ ಆಗಿತ್ತು ಎಂದೆಲ್ಲ ಮಾತಾಡಿದರು. ನಾನು ಹ್ಞೂಂಗುಟ್ಟುತ್ತಿದ್ದೆ. ನನ್ನ ಕಣ್ಣು ಬಾಲ್ಕನಿಯಲ್ಲಿತ್ತು. ಅಲ್ಲಿ ತಂತಿಯ ಮೇಲೆ, ಹೆಗಲಿನ ಎರಡು ಕಡೆ ಪಟ್ಟಿ ಸಿಕ್ಕಿಸುವ ಆ ಬಿಳಿ ಅಂಗಿ, ಇನ್ನೂ ನೀರು ತೊಟ್ಟಿಕ್ಕುತ್ತ ತೂಗುತ್ತಿತ್ತು. ಮೊಣಕೈಯ ಹತ್ತಿರ ಹುಲ್ಲಿನ ಕಲೆ ತಿಳಿಹಸಿರಾಗಿ ಉಳಿದಿತ್ತು. ಶಾಂತಕ್ಕ ಹೊರಡಲು ಎದ್ದವರು ಮೂಗು ಎತ್ತಿ, ನನ್ನ ನೋಟ ಹೋದ ಕಡೆಗೇ ನೋಡಿದರು.

“ಅಯ್ಯ, ಬಿಳೀ ಅಂಗಿ ಯಾರ ಹಾಕ್ಯಾರ್ರೀ ಹೊರಗ? ಗಾಳಿ ತಿರಗೇತಿ, ವಾಸನಿ ಬರಾಕತ್ತೇತಿ. ನಾಳಿಗೆ ಹಾಕ್ಕೊಳ್ಳಾಕ ಬೇಕಾಗಿದ್ದರ ಒಳಗ ತಂದು ಫ್ಯಾನಿನ ಕೆಳಗ ಹಾಕ್ರಿ.”